ಮನೆಯ ಕೋಣೆಯಲ್ಲೇ ಹುಟ್ಟುವ ಆಲ್ಬಮ್

ಒಂದು ಕಾಲದಲ್ಲಿ ಒಂದು ಹಾಡು ಹೊರಬರಬೇಕಾದರೆ ಹತ್ತಾರು ಬಾಗಿಲು ತಟ್ಟಬೇಕಾಗಿತ್ತು. ಬರೆಯುವವರು ಒಬ್ಬರು, ರಾಗ ಹಾಕುವವರು ಇನ್ನೊಬ್ಬರು, ವಾದ್ಯ ನುಡಿಸುವವರು ಹತ್ತು ಮಂದಿ, ಧ್ವನಿಮುದ್ರಿಸುವ ಸ್ಟುಡಿಯೋ ಮತ್ತೊಬ್ಬರದು, ಕ್ಯಾಸೆಟ್ ಮಾಡಿ ಮಾರುವ ಕಂಪನಿ ಮಗದೊಬ್ಬರದು. ಕಂಪನಿಯವರು ‘ಬೇಡ’ ಎಂದರೆ ಆ ಹಾಡು ಹಾಡಿದವನ ಗಂಟಲಲ್ಲೇ ಉಳಿದುಬಿಡುತ್ತಿತ್ತು. ಇವತ್ತು ಹಾಗಿಲ್ಲ. ನಮ್ಮ ಆರ್.ಟಿ. ನಗರದಲ್ಲೋ, ಹೆಬ್ಬಾಳದಲ್ಲೋ, ಯಲಹಂಕದಲ್ಲೋ, ಯಶವಂತಪುರದಲ್ಲೋ ಒಂದು ಮನೆಯ ಎರಡನೆಯ ಮಹಡಿಯಲ್ಲಿ, ಹತ್ತಡಿ ಅಗಲದ ಕೋಣೆಯೊಳಗೆ ಕುಳಿತು ಒಬ್ಬ ಹುಡುಗ ಇಡೀ ಆಲ್ಬಮನ್ನೇ ಸಿದ್ಧಪಡಿಸಬಹುದು. ಬರೆಯುವವನು, ರಾಗ ಹಾಕುವವನು, ಹಾಡುವವನು, ಧ್ವನಿಮುದ್ರಿಸುವವನು, ಕೊನೆಗೆ ಲೋಕಕ್ಕೆ ತಲುಪಿಸುವವನು ಎಲ್ಲವೂ ಅವನೇ.

ಓದುಗ ಸಹೋದರಿಯರೇ, ಇಂಥ ಹುಡುಗ ಅಥವಾ ಹುಡುಗಿ ನಿಮ್ಮ ಮನೆಯಲ್ಲೂ ಇರಬಹುದು. ಓದುತ್ತಿದ್ದಾನೆ ಎಂದು ನೀವು ಭಾವಿಸಿರುವ ಮಗ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ರಾತ್ರಿ ಒಂದು ಗಂಟೆಯವರೆಗೆ ಲ್ಯಾಪ್‌ಟಾಪಿನ ಮುಂದೆ ಕುಳಿತಿರುತ್ತಾನೆ. ಒಂದು ದಿನ ‘ಅಮ್ಮೀ, ನಾನೊಂದು ಆಲ್ಬಮ್ ಮಾಡಿದ್ದೇನೆ, ಎಂಟು ಹಾಡು, ಒಂದೊಂದೂ ಒಂದೊಂದು ಥರ’ ಎನ್ನುತ್ತಾನೆ. ಆಗ ನೀವೇನು ಹೇಳುತ್ತೀರಿ? ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಎರಡೇ ಪ್ರತಿಕ್ರಿಯೆಗಳು. ಒಂದೋ, ‘ಇದಕ್ಕೇನಾ ನಿನ್ನನ್ನು ಓದಿಸಿದ್ದು?’ ಎಂಬ ಸಿಟ್ಟು. ಇಲ್ಲವೇ, ಏನೂ ಕೇಳದೆ, ಏನೂ ತಿಳಿಯದೆ ಎಲ್ಲರಿಗೂ ಫೋನ್ ಮಾಡಿ ಹೇಳುವ ಸಂಭ್ರಮ. ಸಿಟ್ಟಾದ ಮನೆಯಲ್ಲಿ ಮಗ ಮಾತು ನಿಲ್ಲಿಸುತ್ತಾನೆ. ಸಂಭ್ರಮಪಟ್ಟ ಮನೆಯಲ್ಲಿ ಯಾರೋ ತಂದ ಕಾಗದಕ್ಕೆ ಓದದೆ ಸಹಿ ಹಾಕಿ ಮೋಸ ಹೋಗುತ್ತಾನೆ. ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ. ಅದು ಆ ಕೆಲಸ ಏನೆಂದು ಮೊದಲು ತಿಳಿದುಕೊಳ್ಳುವ ದಾರಿ.

ದಂತವೈದ್ಯನಾಗದ ದಂತವೈದ್ಯ

ನಮ್ಮ ಬೆಂಗಳೂರಿನದೇ ಒಂದು ಉದಾಹರಣೆ ನೋಡೋಣ. ರಿಕ್ಕಿ ಕೇಜ್ ಎಂಬ ಸಂಗೀತಗಾರರ ಹೆಸರನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು. 1981ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಹುಟ್ಟಿದ ಇವರು ಎಂಟನೆಯ ವಯಸ್ಸಿಗೆ ಬೆಂಗಳೂರಿಗೆ ಬಂದರು. ಇಲ್ಲಿಯೇ ಬೆಳೆದರು, ಇಲ್ಲಿಯೇ ದಂತವೈದ್ಯ ಪದವಿ ಮುಗಿಸಿದರು. ಆದರೆ ಯಾರ ಹಲ್ಲನ್ನೂ ಕೀಳಲಿಲ್ಲ. ಪದವಿ ಪತ್ರವನ್ನು ಒಂದು ಕಡೆ ಇಟ್ಟು ಸಂಗೀತಕ್ಕೆ ಕುಳಿತರು. ಜೀವನೋಪಾಯಕ್ಕೆ ಜಾಹೀರಾತುಗಳಿಗೆ ಸಣ್ಣ ಸಣ್ಣ ಸಂಗೀತದ ತುಣುಕುಗಳನ್ನು ಮಾಡಿದರು. ಇಂಥ ತುಣುಕುಗಳ ಸಂಖ್ಯೆಯೇ ಮೂರು ಸಾವಿರ ದಾಟಿತು. 2008ರ ‘ಆ್ಯಕ್ಸಿಡೆಂಟ್’, 2009ರ ‘ವೆಂಕಟ ಇನ್ ಸಂಕಟ’ ಮುಂತಾದ ಕನ್ನಡ ಚಿತ್ರಗಳಿಗೂ ಸಂಗೀತ ನೀಡಿದರು.

ಇದರ ಜೊತೆಜೊತೆಗೆ ಅವರು ತಮ್ಮ ಸ್ವಂತ ಆಲ್ಬಮ್‌ಗಳನ್ನು ಮಾಡುತ್ತಲೇ ಇದ್ದರು. ದಕ್ಷಿಣ ಆಫ್ರಿಕಾದ ಕೊಳಲು ವಾದಕ ವೌಟರ್ ಕೆಲ್ಲರ್‌ಮನ್ ಜೊತೆ ಸೇರಿ ಮಾಡಿದ ‘ವಿಂಡ್ಸ್ ಆಫ್ ಸಂಸಾರ’ 2014ರಲ್ಲಿ ಹೊರಬಂತು. ಇವರು ಗಾಂಧೀಜಿಯವರ ನೆನಪಿಗೆ ಒಂದು ಸಂಗೀತ ಮಾಡುತ್ತಿದ್ದರು, ಅವರು ನೆಲ್ಸನ್ ಮಂಡೇಲಾರ ನೆನಪಿಗೆ ಇನ್ನೊಂದು ಮಾಡುತ್ತಿದ್ದರು. ಎರಡೂ ಸೇರಿ ಒಂದು ಆಲ್ಬಮ್ ಆಯಿತು. 2015ರ ಫೆಬ್ರವರಿಯಲ್ಲಿ ಅದಕ್ಕೆ ಗ್ರಾಮಿ ಪ್ರಶಸ್ತಿ ಬಂತು. ಅದರ ನಂತರ ಕೇಜ್ ಜಾಹೀರಾತು ಮತ್ತು ಸಿನಿಮಾ ಕೆಲಸವನ್ನು ಬದಿಗಿಟ್ಟು, ಪರಿಸರದ ಕುರಿತ ಸ್ವತಂತ್ರ ಸಂಗೀತಕ್ಕೇ ತಮ್ಮನ್ನು ಕೊಟ್ಟುಕೊಂಡರು.

ಅವರ ‘ಡಿವೈನ್ ಟೈಡ್ಸ್’ ಆಲ್ಬಮಿನ ಕಥೆ ಇನ್ನೂ ಸ್ವಾರಸ್ಯಕರ. ಕೊರೊನಾದಿಂದ ಇಡೀ ಜಗತ್ತು ಬಾಗಿಲು ಹಾಕಿಕೊಂಡಿದ್ದ ದಿನಗಳು. ವಿಮಾನವಿಲ್ಲ, ಕಚೇರಿಯಿಲ್ಲ, ಸಭೆಯಿಲ್ಲ. ಆಗ ಬೆಂಗಳೂರಿನಲ್ಲಿದ್ದ ಕೇಜ್, ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿದ್ದ ಡ್ರಮ್ ವಾದಕ ಸ್ಟುವರ್ಟ್ ಕೋಪ್‌ಲ್ಯಾಂಡ್ ಜೊತೆ ಇಂಟರ್ನೆಟ್ ಮೂಲಕವೇ ಈ ಆಲ್ಬಮ್ ಮಾಡಿದರು. ಕೋಪ್‌ಲ್ಯಾಂಡ್ ‘ದಿ ಪೊಲೀಸ್’ ಎಂಬ ಜಗತ್ಪ್ರಸಿದ್ಧ ತಂಡವನ್ನು ಕಟ್ಟಿದವರು. ಒಂಬತ್ತು ಹಾಡುಗಳ ಈ ಆಲ್ಬಮ್ 2021ರಲ್ಲಿ ನಮ್ಮ ಬೆಂಗಳೂರಿನ ಲಹರಿ ಸಂಸ್ಥೆಯ ಮೂಲಕ ಹೊರಬಂತು. ಭಾರತೀಯ ರಾಗ, ಪಾಶ್ಚಾತ್ಯ ಡ್ರಮ್, ಬೇರೆ ಬೇರೆ ದೇಶಗಳ ದನಿ ಎಲ್ಲವೂ ಅದರಲ್ಲಿವೆ. 2022ರಲ್ಲಿ ಒಂದು ಗ್ರಾಮಿ, 2023ರಲ್ಲಿ ಅದೇ ಆಲ್ಬಮಿಗೆ ಇನ್ನೊಂದು ಗ್ರಾಮಿ ಬಂತು. ಎರಡನೆಯದು, ಕೇಳುಗನ ಸುತ್ತ ಎಲ್ಲ ದಿಕ್ಕಿನಿಂದಲೂ ಧ್ವನಿ ಬರುವಂತೆ ಜೋಡಿಸಿದ ಕೆಲಸಕ್ಕೆ ಸಿಕ್ಕಿದ್ದು. 2025ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು.

ಇದನ್ನೆಲ್ಲ ಇಲ್ಲಿ ಹೇಳಿದ್ದು ಪ್ರಶಸ್ತಿಯ ಹೊಳಪನ್ನು ತೋರಿಸಲಿಕ್ಕಲ್ಲ. ಗ್ರಾಮಿ ಬರುವುದು ಲಕ್ಷದಲ್ಲಿ ಒಬ್ಬರಿಗೆ. ನಾವು ಗಮನಿಸಬೇಕಾದದ್ದು ಬೇರೆ ಎರಡು ವಿಷಯ. ಮೊದಲನೆಯದು, ಅವರು ಓದು ಮುಗಿಸಿ ಬಂದರು. ಎರಡನೆಯದು, ಸ್ವಂತ ಸಂಗೀತ ಅನ್ನ ಹಾಕುವವರೆಗೆ ಮೂರು ಸಾವಿರ ಜಾಹೀರಾತುಗಳ ಕೂಲಿ ಕೆಲಸ ಮಾಡಿದರು. ಹಾಡಿನ ಕನಸಿನ ಹಿಂದೆ ಇಂಥ ಬೆವರಿದೆ ಎಂಬುದನ್ನು ಮಕ್ಕಳೂ ತಿಳಿಯಬೇಕು, ನಾವೂ ತಿಳಿಯಬೇಕು.

ಹಲವು ಬಗೆ, ಒಂದೇ ಊರು

‘ಒಂದೊಂದು ಹಾಡೂ ಒಂದೊಂದು ಥರ ಯಾಕೆ? ಒಂದೇ ರೀತಿ ಮಾಡಿದರೆ ಆಗದೇ?’ ಎಂದು ನೀವು ಕೇಳಬಹುದು. ಉತ್ತರ ನಮ್ಮ ಊರಿನಲ್ಲೇ ಇದೆ. ನಮ್ಮ ಬೀದಿಯ ಅಂಗಡಿಯವನ ಜೊತೆ ಕನ್ನಡ, ಮನೆಯಲ್ಲಿ ದಖನಿ ಉರ್ದು, ಪಕ್ಕದ ಮನೆಯವರೊಡನೆ ತಮಿಳು ಅಥವಾ ತೆಲುಗು, ಮದ್ರಸದಲ್ಲಿ ಅರಬಿ, ಶಾಲೆಯಲ್ಲಿ ಇಂಗ್ಲಿಷ್. ಒಂದೇ ದಿನದಲ್ಲಿ ನಮ್ಮ ಮಗುವಿನ ಕಿವಿಗೆ ಐದು ಭಾಷೆ ಬೀಳುತ್ತದೆ. ಆ ಕಿವಿಯಿಂದ ಹೊರಬರುವ ಹಾಡು ಒಂದೇ ಥರ ಇರುವುದಾದರೂ ಹೇಗೆ?

1996ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಒಂದು ತಂಡದ ಹೆಸರು ‘ಥರ್ಮಲ್ ಆ್ಯಂಡ್ ಎ ಕ್ವಾರ್ಟರ್’. ಕೇಳಲು ಬಿಸಿನೀರಿನ ಯಂತ್ರದ ಹೆಸರಿನಂತಿದೆ. ನಿಜಕ್ಕೂ ಅದು ತಂಡದಲ್ಲಿದ್ದ ಮೂವರು ಮಲಯಾಳಿಗಳು ಮತ್ತು ಕಾಲು ಭಾಗ ಮಲಯಾಳಿಯಾಗಿದ್ದ ಇನ್ನೊಬ್ಬರನ್ನು ಸೇರಿಸಿ ಮಾಡಿದ ತಮಾಷೆಯ ಹೆಸರು. ಇವರು ಇಂಗ್ಲಿಷಿನಲ್ಲಿ ಹಾಡಿದರೂ ಹಾಡಿದ್ದು ನಮ್ಮ ಬೆಂಗಳೂರನ್ನೇ. 2012ರಲ್ಲಿ ಅವರು ತಂದ ಮೂರು ಡಿಸ್ಕ್‌ಗಳ ಆಲ್ಬಮಿನ ಹೆಸರು ‘ತ್ರೀ ವೀಲ್ಸ್ ನೈನ್ ಲೈವ್ಸ್’. ಆ ಮೂರು ಚಕ್ರ ನಮ್ಮ ಆಟೋರಿಕ್ಷಾದ್ದು. ದೊಡ್ಡ ಕಂಪನಿಗಳ ಹಂಗಿಲ್ಲದೆ ತಮ್ಮ ಹಾಡನ್ನು ತಾವೇ ಹೊರತರುತ್ತ ಬಂದ ಈ ತಂಡ, ಮಕ್ಕಳಿಗೆ ಸಂಗೀತ ಕಲಿಸುವ ಶಾಲೆಯನ್ನೂ ಬೆಂಗಳೂರಿನಲ್ಲಿ ಆರಂಭಿಸಿತು.

ಇನ್ನೊಂದು ತಂಡ ‘ಪರ್ವಾಝ್’. ಕಾಶ್ಮೀರದ ಬಾಲ್ಯಸ್ನೇಹಿತರಾದ ಖಾಲಿದ್ ಅಹ್ಮದ್ ಮತ್ತು ಕಾಶಿಫ್ ಇಕ್ಬಾಲ್ 2010ರಲ್ಲಿ ಬೆಂಗಳೂರಿನಲ್ಲಿ ಇದನ್ನು ಕಟ್ಟಿದರು. ಅದರಲ್ಲಿ ಈ ಊರಿನ ಇತರ ಧರ್ಮದ ಯುವಕರೂ ಸೇರಿಕೊಂಡರು. ಗಿಟಾರ್ ಮತ್ತು ಡ್ರಮ್ಮಿನ ನಡುವೆ ಉರ್ದು ಹಾಗೂ ಕಾಶ್ಮೀರಿ ಪದಗಳು. 2014ರಲ್ಲಿ ‘ಬಾರಾನ್’ ಎಂಬ ಆಲ್ಬಮ್ ಬಂತು. ಹಾಗೆಂದರೆ ಮಳೆ. 2019ರಲ್ಲಿ ಬಂದದ್ದು ‘ಕುನ್’. ಈ ಪದದ ಅರ್ಥವನ್ನು ನಿಮಗೆ ಹೇಳಬೇಕಾಗಿಲ್ಲ. ಯಾಸೀನ್ ಸೂರಃ ಓದುವ ಪ್ರತಿಯೊಂದು ಮನೆಗೂ ಅದು ಗೊತ್ತು. ಬೆಂಗಳೂರಿನ ರಾಕ್ ಸಂಗೀತ ಕೇಳುವ ಸಾವಿರಾರು ಮುಸ್ಲಿಮೇತರ ಹುಡುಗರು ಕೂಡ ‘ಆಗು’ ಎಂಬ ಅರ್ಥದ ಆ ಅರಬಿ ಪದವನ್ನು ಈ ಆಲ್ಬಮಿನಿಂದ ಕಲಿತರು.

ಉತ್ತರ ಬೆಂಗಳೂರಿನದೇ ಬೇಕೆಂದರೆ ಯಲಹಂಕಕ್ಕೆ ಬನ್ನಿ. ಅಲ್ಲಿನ ಸೃಷ್ಟಿ ಕಲಾ ಮತ್ತು ವಿನ್ಯಾಸ ಸಂಸ್ಥೆಯಲ್ಲಿ ಕುಳಿತು ಶಬನಂ ವಿರ್ಮಾನಿ ಎಂಬ ಮಹಿಳೆ ‘ಕಬೀರ್ ಪ್ರಾಜೆಕ್ಟ್’ ಎಂಬ ಕೆಲಸ ನಡೆಸಿದರು. 2002ರ ಗುಜರಾತ್ ಗಲಭೆಯ ನೋವಿನಿಂದ ಹೊರಟ ಹುಡುಕಾಟ ಅದು. ಕ್ಯಾಮರಾ ಹಿಡಿದು ಮಾಳ್ವಾದ ಹಳ್ಳಿಗಳಿಗೆ, ರಾಜಸ್ಥಾನಕ್ಕೆ, ಗಡಿ ದಾಟಿ ಕರಾಚಿಗೂ ಹೋಗಿ ಕಬೀರರ ಪದ ಹಾಡುವವರನ್ನು ಹುಡುಕಿದರು. ಮಾಳ್ವಾದ ಶಾಲಾ ಮಾಸ್ತರ ಪ್ರಹ್ಲಾದ್ ಟಿಪಾನಿಯಾ, ರಾಜಸ್ಥಾನದ ಮೀರಾಸಿ ಗಾಯಕ ಮುಖ್ತಿಯಾರ್ ಅಲಿ, ಕರಾಚಿಯ ಕವ್ವಾಲ್ ಫರೀದ್ ಅಯಾಝ್ ಮೊದಲಾದವರೆಲ್ಲ ಈ ಕೆಲಸದಲ್ಲಿ ಒಂದೇ ಕುಟುಂಬದವರಂತೆ ಸೇರಿದರು. ನಾಲ್ಕು ಸಾಕ್ಷ್ಯಚಿತ್ರಗಳ ಜೊತೆಗೆ ಹಾಡುಗಳ ಸಿ.ಡಿ.ಗಳೂ, ಪುಸ್ತಕಗಳೂ ಬಂದವು. ಹಾಡುತ್ತ ಹಾಡುತ್ತ ಶಬನಂ ಅವರೇ ತಂಬೂರಿ ಹಿಡಿದು ಹಾಡುವವರಾದರು. ಗಾಯಕಿಯಾಗಿ ಹೆಸರು ಮಾಡಬೇಕೆಂದು ಹೊರಟವರಲ್ಲ ಅವರು. ಹಾಡೇ ಅವರನ್ನು ಕರೆದುಕೊಂಡಿತು.

ಹೆಸರು ಹೇಳಿಕೊಂಡ ಹೆಣ್ಣುಮಗಳು

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಭಾರತದಲ್ಲಿ ಗ್ರಾಮಫೋನ್ ತಟ್ಟೆಗೆ ಹಾಡಿದ ಮೊದಲಿಗರಲ್ಲಿ ಎಲ್ಲರಿಗಿಂತ ಪ್ರಸಿದ್ಧರಾದವರು ಗೌಹರ್ ಜಾನ್ ಎಂಬ ಮುಸ್ಲಿಮ್ ಗಾಯಕಿ. 1902ರ ನವೆಂಬರಿನಲ್ಲಿ ಕಲ್ಕತ್ತದ ಹೋಟೆಲೊಂದರ ಕೋಣೆಗಳನ್ನೇ ಸ್ಟುಡಿಯೋ ಮಾಡಿಕೊಂಡು ಫ್ರೆಡ್ ಗೈಸ್‌ಬರ್ಗ್ ಎಂಬ ತಂತ್ರಜ್ಞ ಅವರ ದನಿಯನ್ನು ಮುದ್ರಿಸಿದನು. ಆಗ ಮೈಕ್ ಇರಲಿಲ್ಲ. ದೊಡ್ಡ ಕೊಂಬಿನೊಳಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕಿತ್ತು. ಮೂರು ನಿಮಿಷಕ್ಕೆ ತಟ್ಟೆ ಮುಗಿಯುತ್ತಿತ್ತು. ಗಂಟೆಗಟ್ಟಲೆ ಹಾಡುವ ರಾಗವನ್ನು ಮೂರು ನಿಮಿಷಕ್ಕೆ ಇಳಿಸುವ ಜಾಣ್ಮೆಯನ್ನು ಆಕೆ ತಾನೇ ಕಂಡುಕೊಂಡರು. ಹಾಡಿನ ಕೊನೆಯಲ್ಲಿ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದರು. ತಟ್ಟೆ ತಯಾರಾಗುತ್ತಿದ್ದುದು ಜರ್ಮನಿಯಲ್ಲಿ. ಅಲ್ಲಿನ ಕೆಲಸಗಾರರಿಗೆ ಇದು ಯಾರ ಹಾಡೆಂದು ತಿಳಿಯಬೇಕಾಗಿತ್ತಲ್ಲ! ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ, ಠುಮ್ರಿ, ದಾದ್ರಾ, ಖಯಾಲ್, ಭಜನ್ ಎಂದು ಹಲವು ಬಗೆಗಳಲ್ಲಿ ಹಾಡಿದ ಆಕೆ ನೂರಾರು ಮುದ್ರಿಕೆಗಳನ್ನು ಬಿಟ್ಟುಹೋದರು.

ಆದರೆ ಕೊನೆ ಏನಾಯಿತು? ಕೈತುಂಬ ಸಂಪಾದಿಸಿದ ಹಣ ಕೋರ್ಟು ಕಚೇರಿಯ ವ್ಯಾಜ್ಯಗಳಲ್ಲಿ, ನಂಬಿದವರ ಕೈಯಲ್ಲಿ ಕರಗಿಹೋಯಿತು. ಕಡೆಗೆ ಆಶ್ರಯ ಕೊಟ್ಟದ್ದು ನಮ್ಮ ಮೈಸೂರು. ನಾಲ್ವಡಿ ಕೃಷ್ಣರಾಜ ಒಡೆಯರು 1928ರಲ್ಲಿ ಆಕೆಯನ್ನು ಆಸ್ಥಾನ ಗಾಯಕಿಯಾಗಿ ನೇಮಿಸಿದರು. 1930ರ ಜನವರಿ 17ರಂದು ಮೈಸೂರಿನಲ್ಲೇ ಆಕೆ ತೀರಿಕೊಂಡರು. ಹಾಡು ಲೋಕವೆಲ್ಲ ಸುತ್ತಿತು, ಹಾಡಿದವಳ ಕೈ ಬರಿದಾಯಿತು. ಈ ಕಥೆಯನ್ನು ನೆನಪಿಡಿ, ಮುಂದೆ ಹಕ್ಕಿನ ಮಾತು ಬಂದಾಗ ಬೇಕಾಗುತ್ತದೆ.

ಒಬ್ಬ ತಾಯಿಯ ಒಡವೆ

ಮನೆಯ ಸ್ಟುಡಿಯೋ ಎಂದಾಗ ಎ.ಆರ್. ರಹ್ಮಾನ್ ಅವರ ಮನೆಯನ್ನು ಮರೆಯಲಾಗದು. ಒಂಬತ್ತನೆಯ ವಯಸ್ಸಿಗೆ ತಂದೆಯನ್ನು ಕಳೆದುಕೊಂಡ ಹುಡುಗ ಅವರು. ತಂದೆಯ ಸಂಗೀತೋಪಕರಣಗಳನ್ನು ಬಾಡಿಗೆಗೆ ಕೊಟ್ಟು ಮನೆ ನಡೆಯುತ್ತಿತ್ತು. ಮುಂದೆ ಮಗನಿಗೆ ಸ್ವಂತ ಉಪಕರಣ ಕೊಳ್ಳಲು ಹಣ ಬೇಕಾದಾಗ ತಾಯಿ ಕರೀಮಾ ಬೇಗಮ್ ತಮ್ಮ ಒಡವೆಗಳನ್ನು ಮಾರಿದರು. ಇದನ್ನು ರಹ್ಮಾನರೇ ಹಲವು ಸಂದರ್ಶನಗಳಲ್ಲಿ ನೆನೆದಿದ್ದಾರೆ. 1989ರಲ್ಲಿ ಚೆನ್ನೈಯ ಮನೆಯ ಹಿತ್ತಲಲ್ಲೇ ಸ್ಟುಡಿಯೋ ಎದ್ದಿತು. ಅದೇ ವರ್ಷದ ಹೊತ್ತಿಗೆ ಅವರು ಮಾಡಿದ ಮೊದಲ ಆಲ್ಬಮ್ ಯಾವುದು ಗೊತ್ತೇ? ‘ದೀನ್ ಇಸೈ ಮಾಲೈ’. ತಮಿಳಿನ ಇಸ್ಲಾಮೀ ಭಕ್ತಿಗೀತೆಗಳ ಕ್ಯಾಸೆಟ್. 1992ರ ‘ರೋಜಾ’ ಬಂದದ್ದು ಆ ಬಳಿಕ.

ಒಡವೆ ಮಾರಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಪ್ರತಿಯೊಬ್ಬ ಮಗನೂ ರಹ್ಮಾನ್ ಆಗುವುದಿಲ್ಲ. ಮಾರಿದ ಒಡವೆ ಎಲ್ಲ ಮನೆಗಳಲ್ಲೂ ಮರಳಿ ಬರುವುದಿಲ್ಲ. ಆದರೆ ಆ ತಾಯಿ ಕೊಟ್ಟದ್ದು ಬಂಗಾರ ಮಾತ್ರವಲ್ಲ. ‘ನಿನ್ನ ಕೆಲಸ ಏನೆಂದು ನನಗೆ ಗೊತ್ತು’ ಎಂಬ ನಂಬಿಕೆಯನ್ನೂ ಕೊಟ್ಟರು. ಆ ನಂಬಿಕೆಗೆ ಖರ್ಚಿಲ್ಲ.

ಕೋಣೆಯೊಳಗೆ ನಡೆಯುವುದೇನು?

ಈಗ ಆ ಹತ್ತಡಿ ಕೋಣೆಯೊಳಗೆ ಇಣುಕೋಣ. ಅಲ್ಲಿ ಒಂದು ಕಂಪ್ಯೂಟರ್, ಒಂದು ಮೈಕ್, ಕಿವಿ ಮುಚ್ಚುವ ಹೆಡ್‌ಫೋನ್, ಮತ್ತು ಮೈಕಿನ ವಿದ್ಯುತ್ತನ್ನು ಕಂಪ್ಯೂಟರಿನ ಅಂಕಿಗಳಾಗಿ ಬದಲಿಸುವ ‘ಆಡಿಯೋ ಇಂಟರ್‌ಫೇಸ್’ ಎಂಬ ಸಣ್ಣ ಪೆಟ್ಟಿಗೆ ಇರುತ್ತವೆ. ಈ ಪೆಟ್ಟಿಗೆ ಒಂದು ಸೆಕೆಂಡಿಗೆ 44,100 ಸಲ ಧ್ವನಿಯನ್ನು ಅಳೆಯುತ್ತದೆ. ಸಿ.ಡಿ.ಯ ಕಾಲದಿಂದ ಬಂದ ಅಳತೆ ಇದು. ಮನುಷ್ಯನ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನದವರೆಗಿನ ಧ್ವನಿ ಕೇಳುತ್ತದೆ. ಅದನ್ನು ಸರಿಯಾಗಿ ಹಿಡಿಯಲು ಅದರ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚು ಸಲ ಅಳೆಯಬೇಕು. ಆದ್ದರಿಂದ ಆ ಅಂಕಿ.

ಮೊದಲು ತಾಳದ ಟಿಕ್ ಟಿಕ್ ಹಾಕಿಕೊಳ್ಳುತ್ತಾರೆ. ಅದನ್ನು ಕೇಳುತ್ತ ಗಿಟಾರ್ ನುಡಿಸಿ ಒಂದು ಪದರವಾಗಿ ಉಳಿಸುತ್ತಾರೆ. ಅದರ ಮೇಲೆ ಇನ್ನೊಂದು ವಾದ್ಯ, ಅದರ ಮೇಲೆ ಹಾಡು, ಅದರ ಮೇಲೆ ಹಿನ್ನೆಲೆಯ ದನಿ. ಪರೋಟದ ಪದರಗಳಂತೆ ಒಂದರ ಮೇಲೊಂದು. ಒಬ್ಬನೇ ಮನುಷ್ಯ ಹತ್ತು ಮಂದಿಯಾಗುವುದು ಹೀಗೆ. ಬೆಂಗಳೂರಿನವರೂ ಲಾಸ್ ಏಂಜಲೀಸಿನವರೂ ಇಂಟರ್ನೆಟ್‌ನಲ್ಲಿ ಏಕಕಾಲಕ್ಕೆ ಒಟ್ಟಿಗೆ ನುಡಿಸುವುದು ಕಷ್ಟ. ಧ್ವನಿ ಅಲ್ಲಿಂದ ಇಲ್ಲಿಗೆ ಬರುವಾಗ ಸೆಕೆಂಡಿನ ಹತ್ತನೇ ಒಂದು ಭಾಗ ತಡವಾದರೂ ತಾಳ ತಪ್ಪುತ್ತದೆ. ಅದಕ್ಕಾಗಿ ಇವರು ತಮ್ಮ ಪದರವನ್ನು ಮುದ್ರಿಸಿ ಕಳುಹಿಸುತ್ತಾರೆ, ಅವರು ಅದನ್ನು ಕೇಳುತ್ತ ತಮ್ಮ ಪದರವನ್ನು ಸೇರಿಸಿ ಮರಳಿ ಕಳುಹಿಸುತ್ತಾರೆ.

ಎಲ್ಲ ಪದರಗಳ ಏರುತಗ್ಗನ್ನು ಸರಿಪಡಿಸುವುದು ಮಿಕ್ಸಿಂಗ್. ಎಲ್ಲ ಹಾಡುಗಳೂ ಒಂದೇ ಆಲ್ಬಮಿನವು ಎನಿಸುವಂತೆ ಕೊನೆಯ ಹದ ಕೊಡುವುದು ಮಾಸ್ಟರಿಂಗ್. ಹಲವು ಬಗೆಯ ಹಾಡುಗಳಿರುವ ಆಲ್ಬಮಿಗೆ ಈ ಕೊನೆಯ ಕೆಲಸ ಬಹಳ ಮುಖ್ಯ. ಒಂದು ಹಾಡು ಪಿಸುಗುಟ್ಟಿ, ಮುಂದಿನದು ಕಿವಿ ಹರಿಯುವಂತೆ ಕಿರುಚಿದರೆ ಕೇಳುವವರು ಅಲ್ಲಿಗೇ ನಿಲ್ಲಿಸುತ್ತಾರೆ.

ಇನ್ನು ನಮ್ಮ ಕಡೆಯ ದೊಡ್ಡ ಶತ್ರು ಸದ್ದು. ಹೆಬ್ಬಾಳ ಮೇಲ್ಸೇತುವೆಯ ವಾಹನಗಳು, ಯಶವಂತಪುರದ ರೈಲುಗಳು, 2008ರಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣ ಶುರುವಾದ ಮೇಲೆ ತಲೆಯ ಮೇಲೆ ಹಾರುವ ವಿಮಾನಗಳು, ಎರಡು ವರ್ಷಕ್ಕೊಮ್ಮೆ ಯಲಹಂಕದ ವಾಯುನೆಲೆಯಲ್ಲಿ ಏರ್ ಶೋ ನಡೆಯುವಾಗಿನ ಗುಡುಗು! ಇವೆಲ್ಲ ಮುಗಿದರೆ ಅಡುಗೆಮನೆಯಿಂದ ಕುಕ್ಕರ್ ಸೀಟಿ. ಮಗ ರಾತ್ರಿ ಒಂದು ಗಂಟೆಗೆ ಎದ್ದಿರುವುದು ಇದಕ್ಕೇ ಇರಬಹುದು. ಸಾವಿರಾರು ರೂಪಾಯಿಯ ಫೋಮ್ ಬೇಕಿಲ್ಲ. ದಪ್ಪ ರಜಾಯಿ, ಬಟ್ಟೆ ತುಂಬಿದ ಬೀರು, ಪುಸ್ತಕದ ಕಪಾಟು ಇದ್ದರೆ ಕೋಣೆಯ ಪ್ರತಿಧ್ವನಿ ಎಷ್ಟೋ ಕಡಿಮೆಯಾಗುತ್ತದೆ. ಬರಿಗೋಡೆಗೆ ಬಡಿದು ಮರಳುವ ಧ್ವನಿಯನ್ನು ಮೆತ್ತನೆಯ ಬಟ್ಟೆ ಹೀರಿಕೊಳ್ಳುತ್ತದೆ. ಹೊರಗಿನ ಸದ್ದನ್ನು ಮಾತ್ರ ರಜಾಯಿ ತಡೆಯಲಾರದು. ಅದಕ್ಕೆ ಕಿಟಕಿ ಮುಚ್ಚಿ, ಸರಿಯಾದ ಹೊತ್ತು ಕಾಯಬೇಕು.

ತನ್ನ ದನಿಯನ್ನು ತಾನೇ ಕೇಳುವುದು

ನಾನು ಮಕ್ಕಳಿಗೆ ತಜ್‌ವೀದ್ ಕಲಿಸುವವನು. ಮಗುವಿಗೆ ‘ನಿನ್ನ ಐನ್ ಸರಿಯಿಲ್ಲ, ಹಾ ಸರಿಯಿಲ್ಲ’ ಎಂದು ನೂರು ಸಲ ಹೇಳಿದರೂ ತಿಳಿಯದ್ದು, ಅದರದೇ ಓದನ್ನು ಫೋನಿನಲ್ಲಿ ಮುದ್ರಿಸಿ ಕೇಳಿಸಿದಾಗ ಒಂದೇ ಸಲಕ್ಕೆ ತಿಳಿಯುತ್ತದೆ. ಮುದ್ರಿಸಿದ ದನಿ ಮುಖಸ್ತುತಿ ಮಾಡುವುದಿಲ್ಲ. ನಾವು ಮಾತಾಡುವಾಗ ನಮ್ಮ ದನಿ ತಲೆಯ ಮೂಳೆಗಳ ಮೂಲಕವೂ ನಮ್ಮ ಕಿವಿಗೆ ಬರುವುದರಿಂದ ತುಂಬಿದಂತೆ ಕೇಳುತ್ತದೆ. ಮುದ್ರಣದಲ್ಲಿ ಕೇಳುವುದು ಹೊರಗಿನವರಿಗೆ ಕೇಳುವ ದನಿ. ಮೊದಲ ಸಲ ಕೇಳಿದವರೆಲ್ಲ ‘ಇದು ನನ್ನದಲ್ಲ’ ಎನ್ನುತ್ತಾರೆ. ಆತ್ಮವಿಮರ್ಶೆಗೆ ನಾವು ಮುಹಾಸಬ ಎನ್ನುತ್ತೇವಲ್ಲ, ಮೈಕ್ ಮುಂದೆ ಕುಳಿತವನಿಗೆ ಅದು ದಿನನಿತ್ಯದ ಪಾಠ.

ಧ್ವನಿಮುದ್ರಣಕ್ಕೂ ದೀನಿಗೂ ಇರುವ ಸಂಬಂಧ ಹೊಸದಲ್ಲ. ಈಜಿಪ್ಟಿನ ಲಬೀಬ್ ಸಈದ್ ಎಂಬವರ ಒತ್ತಾಸೆಯಿಂದ ಖಾರಿ ಮಹ್‌ಮೂದ್ ಖಲೀಲ್ ಅಲ್ ಹುಸರಿಯವರ ಧ್ವನಿಯಲ್ಲಿ ಸಂಪೂರ್ಣ ಕುರ್‌ಆನಿನ ಪಾರಾಯಣ ಮುದ್ರಣವಾಗಿ 1961ರಲ್ಲಿ ಹೊರಬಂತು. ನಮ್ಮ ಎಷ್ಟೋ ಉಸ್ತಾದರು ಉಚ್ಚಾರಣೆ ತಿದ್ದಿಕೊಂಡದ್ದು ಆ ಧ್ವನಿಯನ್ನು ಕೇಳಿ.

ಸಂಗೀತದ ಬಗ್ಗೆ ನಮ್ಮ ಉಲಮಾಗಳಲ್ಲಿ ಹಿಂದಿನಿಂದಲೂ ಭಿನ್ನಾಭಿಪ್ರಾಯವಿದೆ. ವಾದ್ಯಗಳನ್ನು ನಿಷಿದ್ಧವೆನ್ನುವವರು ಬಹುಮಂದಿ. ಇಬ್ನ್ ಹಝ್ಮ್‌ರಂತಹ ವಿದ್ವಾಂಸರು ಹಾಗೆನ್ನಲಿಲ್ಲ. ಇಮಾಮ್ ಗಝಾಲಿಯವರು ತಮ್ಮ ‘ಇಹ್ಯಾ’ದಲ್ಲಿ ಹಾಡು ಕೇಳುವುದರ ಕುರಿತೇ ಒಂದು ಅಧ್ಯಾಯ ಬರೆದು, ಯಾವುದು ಸಲ್ಲುತ್ತದೆ ಯಾವುದು ಸಲ್ಲದು ಎಂದು ಬಿಡಿಸಿಟ್ಟರು. ಮದುವೆಯ ದಫ್, ನಅತ್, ಮನ್ಖಬತ್ ನಮ್ಮ ಮನೆಗಳಿಗೆ ಹೊಸತಲ್ಲ. ಈ ಲೇಖನ ಫತ್ವಾ ಅಲ್ಲ. ನಿಮ್ಮ ಮನೆ ಯಾವ ಅಭಿಪ್ರಾಯವನ್ನು ಅನುಸರಿಸುತ್ತದೋ ಅದನ್ನು ಮಗನೊಡನೆ ಮುಖಾಮುಖಿ ಕುಳಿತು ಮಾತಾಡಿ. ಬಾಗಿಲ ಹೊರಗಿನಿಂದ ಕಿರುಚಬೇಡಿ. ‘ನಿನ್ನ ಹಾಡಿನಲ್ಲಿ ಏನು ಹೇಳಿದ್ದೀಯ?’ ಎಂದು ಮೊದಲು ಕೇಳಿ. ಪದಗಳಲ್ಲಿ ಅಶ್ಲೀಲವಿದೆಯೇ, ಯಾರನ್ನಾದರೂ ಹೀಯಾಳಿಸಿದೆಯೇ, ನಮಾಝಿನ ವೇಳೆಯನ್ನು ಅದು ನುಂಗುತ್ತಿದೆಯೇ ಎಂಬ ಪ್ರಶ್ನೆಗಳಿಗೆ ಅವನೇ ಉತ್ತರಿಸಲಿ. ಹಾಡು ಕೇಳದೆ ತೀರ್ಪು ಕೊಟ್ಟ ತಂದೆತಾಯಿಯ ಮಾತನ್ನು ಮಕ್ಕಳು ಕೇಳುವುದಿಲ್ಲ.

ಸಹಿ ಹಾಕುವ ಮುನ್ನ

ಗೌಹರ್ ಜಾನ್ ಅವರ ಬರಿದಾದ ಕೈಯನ್ನು ಈಗ ನೆನಪಿಸಿಕೊಳ್ಳಿ. ಆ ಕಾಲಕ್ಕಿಲ್ಲದ ಕಾನೂನು ಇವತ್ತು ನಮ್ಮ ಮಕ್ಕಳಿಗಿದೆ. ನಮ್ಮ ದೇಶದ ಕೃತಿಸ್ವಾಮ್ಯ ಕಾನೂನಿನ ಪ್ರಕಾರ ಪದ ಬರೆದವರಿಗೂ ರಾಗ ಹಾಕಿದವರಿಗೂ ಜೀವಮಾನವಿಡೀ, ಅವರು ತೀರಿದ ನಂತರ 60 ವರ್ಷ ಹಕ್ಕು ಇರುತ್ತದೆ. ಧ್ವನಿಮುದ್ರಿಕೆಯ ಹಕ್ಕು ಪ್ರಕಟವಾದ ನಂತರ 60 ವರ್ಷ. 2012ರ ತಿದ್ದುಪಡಿಯ ನಂತರ ಪದಕಾರ ಮತ್ತು ರಾಗಕಾರರು ತಮಗೆ ಬರಬೇಕಾದ ರಾಯಧನದ ಪಾಲನ್ನು ಕಂಪನಿಗೆ ಬರೆದುಕೊಡುವಂತಿಲ್ಲ. ವಾರಸುದಾರರಿಗೆ ಅಥವಾ ಹಕ್ಕು ವಸೂಲಿ ಮಾಡುವ ನೋಂದಾಯಿತ ಸಂಘಕ್ಕೆ ಮಾತ್ರ ಕೊಡಬಹುದು. ಒಪ್ಪಂದದಲ್ಲಿ ಅವಧಿ ಬರೆಯದಿದ್ದರೆ ಅದು ಐದು ವರ್ಷವೆಂದೇ ಅರ್ಥ. ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದೇ ಅರ್ಥ. ಆದ್ದರಿಂದ ‘ಎಲ್ಲ ಕಾಲಕ್ಕೆ, ಎಲ್ಲ ಲೋಕಕ್ಕೆ’ ಎಂದು ಬರೆದ ಕಾಗದ ಕಂಡರೆ ಪೆನ್ನು ಕೆಳಗಿಡಿ, ವಕೀಲರಿಗೆ ತೋರಿಸಿ.

ಹಕ್ಕು ಎರಡೂ ಕಡೆಯದು. ನಿಮ್ಮ ಮಗ ಬೇರೆಯವರ ರಾಗವನ್ನು ಅನುಮತಿಯಿಲ್ಲದೆ ಎತ್ತಿಕೊಳ್ಳುವಂತಿಲ್ಲ. ಶಿಶುನಾಳ ಶರೀಫ ಸಾಹೇಬರು ತೀರಿಕೊಂಡದ್ದು 1889ರಲ್ಲಿ. ಅವರ ಪದಗಳನ್ನು ಯಾರು ಬೇಕಾದರೂ ಹಾಡಬಹುದು. ಆದರೆ 1990ರ ಚಲನಚಿತ್ರಕ್ಕೆ ಸಿ. ಅಶ್ವತ್ಥ್ ಹಾಕಿದ ರಾಗದಲ್ಲೇ ಹಾಡಿ ಮಾರಬೇಕಾದರೆ ಆ ರಾಗಕ್ಕೆ ಹಕ್ಕುದಾರರಿದ್ದಾರೆ. ಕೇಳದೆ ತೆಗೆದುಕೊಂಡದ್ದು ಹಾಡಾದರೂ ಅಮಾನತ್ ಮುರಿದಂತೆಯೇ.

ಹಣದ ಮಾತೂ ನೇರವಾಗಿರಲಿ. ಮೊಬೈಲಿನಲ್ಲಿ ಹಾಡು ಕೇಳಿಸುವ ಕಂಪನಿಗಳು ಒಂದು ಸಲ ಕೇಳಿದ್ದಕ್ಕೆ ಕೊಡುವುದು ಪೈಸೆಗಳ ಲೆಕ್ಕ. ಲಕ್ಷ ಜನ ಕೇಳಿದರೂ ಮನೆ ಬಾಡಿಗೆ ಆಗದೇ ಇರಬಹುದು. ಆದುದರಿಂದ ಓದು ಬಿಡಬಾರದು, ಕೈಗೊಂದು ಕೆಲಸ ಇರಬೇಕು. ಉಪಕರಣಕ್ಕೆ ಬಡ್ಡಿಯ ಸಾಲ ಮಾಡಬಾರದು. ಇರುವ ಮೈಕಿನಲ್ಲಿ ಚೆನ್ನಾಗಿ ಹಾಡಲು ಕಲಿತವನು ಮುಂದೆ ಒಳ್ಳೆಯ ಮೈಕನ್ನೂ ದುಡಿಸಿಕೊಳ್ಳುತ್ತಾನೆ.

ಹೆಣ್ಣುಮಕ್ಕಳಿಗೆ ಈ ಮನೆಯ ಸ್ಟುಡಿಯೋ ಇನ್ನೊಂದು ಬಾಗಿಲನ್ನೂ ತೆರೆದಿದೆ. ರಾತ್ರಿ ಹೊತ್ತು ಅಪರಿಚಿತರ ಸ್ಟುಡಿಯೋಗೆ ಹೋಗಬೇಕಿಲ್ಲ. ಮುಖ ತೋರಿಸದೆಯೂ ಕೆಲಸ ಮಾಡಬಹುದು. ಹಾಡೇ ಆಗಬೇಕೆಂದಿಲ್ಲ. ಮಕ್ಕಳಿಗೆ ಕಥೆ, ಅಜ್ಜಿಯರ ಶಾದಿ ಗೀತೆ, ಅಂಧರಿಗಾಗಿ ಪುಸ್ತಕದ ಓದು, ಇವೆಲ್ಲ ಅದೇ ಮೈಕಿನ ಕೆಲಸ. ನಮ್ಮ ಅಜ್ಜಿಯರು ಮೆಹಂದಿಯ ರಾತ್ರಿ ಹಾಡುತ್ತಿದ್ದ ದಖನಿ ಹಾಡುಗಳನ್ನು ಯಾವ ಕಂಪನಿಯೂ ಬಂದು ಮುದ್ರಿಸಿಕೊಳ್ಳುವುದಿಲ್ಲ. ಅಜ್ಜಿ ಹೋದರೆ ಹಾಡೂ ಹೋಯಿತು. ಆ ಕೆಲಸವನ್ನು ಮೊಮ್ಮಗಳೇ ಮಾಡಬೇಕು, ಇವತ್ತೇ ಮಾಡಬೇಕು. ಒಂದೇ ಎಚ್ಚರ: ದನಿಯನ್ನೂ ಕದಿಯುವ ಯಂತ್ರಗಳು ಬಂದಿರುವ ಕಾಲ ಇದು. ಮೂಲ ಮುದ್ರಣವನ್ನು ದಿನಾಂಕ ಸಹಿತ ಎರಡು ಕಡೆ ಭದ್ರವಾಗಿಡಿ, ಕಂಡಕಂಡವರಿಗೆ ಕಳುಹಿಸಬೇಡಿ.

ಸಹೋದರಿಯರೇ, ದನಿ ಅಲ್ಲಾಹನು ಕೊಟ್ಟ ಅಮಾನತ್. ಅದನ್ನು ಯಾವುದಕ್ಕೆ ಬಳಸಿದೆ ಎಂಬ ಲೆಕ್ಕ ಪ್ರತಿಯೊಬ್ಬರೂ ಕೊಡಬೇಕಾಗಿದೆ. ಹಾಗೆಯೇ, ಮಕ್ಕಳ ದನಿಯನ್ನು ನಾವು ಎಷ್ಟು ಕೇಳಿಸಿಕೊಂಡೆವು ಎಂಬುದಕ್ಕೂ ಲೆಕ್ಕವಿದೆ. ಮುಂದಿನ ಸಲ ಆ ಕೋಣೆಯ ಬಾಗಿಲು ಮುಚ್ಚಿದ್ದರೆ ಮೆಲ್ಲಗೆ ತಟ್ಟಿ. ಒಂದು ಲೋಟ ಚಹಾ ಇಟ್ಟು, ಹೆಡ್‌ಫೋನನ್ನು ಒಂದೈದು ನಿಮಿಷ ನಿಮ್ಮ ಕಿವಿಗೆ ಕೇಳಿ ಪಡೆಯಿರಿ. ಇಷ್ಟವಾದದ್ದನ್ನು ಇಷ್ಟವಾಯಿತೆನ್ನಿ, ಸರಿಬಾರದ್ದನ್ನು ಸರಿಯಿಲ್ಲವೆನ್ನಿ. ಕುಕ್ಕರ್ ಮಾತ್ರ ಆಮೇಲೆ ಇಡಿ.